ಬ್ಯಾಡ್ ಸೆಕ್ಟರ್ ಬಂದ ಹಾರ್ಡ್‌ಡಿಸ್ಕ್: ರಿಪೇರಿಯೋ, ನಕಲೋ, ಲ್ಯಾಬೋ, ಗುಜರಿಯೋ?

ಬ್ಯಾಡ್ ಸೆಕ್ಟರ್ ಬಂದ ಹಾರ್ಡ್‌ಡಿಸ್ಕ್ ಹಿಡಿದುಕೊಂಡು ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಮೂರು ಅಂಗಡಿ ಹತ್ತಿಳಿದರೆ ಮೂರು ಥರದ ಉತ್ತರ ಸಿಗುತ್ತದೆ. ಒಬ್ಬ "ಲೋ ಲೆವೆಲ್ ಮಾರ್ ದೇತಾ ಹೂಂ, ಶಾಮ್ ಕೋ ಲೇ ಜಾನಾ" (ಲೋ ಲೆವೆಲ್ ಫಾರ್ಮ್ಯಾಟ್ ಮಾಡಿಕೊಡ್ತೇನೆ, ಸಂಜೆ ಒಯ್ಯಿ) ಅನ್ನುತ್ತಾನೆ. ಇನ್ನೊಬ್ಬ ಕೈಗೆ ತಗೊಳ್ಳುವ ಮೊದಲೇ "ಫೇಂಕ್ ದೋ, ಎಸ್‌ಎಸ್‌ಡಿ ಲೇ ಲೋ" (ಬಿಸಾಡಿ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ತಗೊಳ್ಳಿ) ಅನ್ನುತ್ತಾನೆ. ಮೂರನೆಯವ ಡೇಟಾ ರಿಕವರಿಯವರ ಕಾರ್ಡು ಕೊಡುತ್ತಾನೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮೂವರೂ ಕೇಳಲಿಲ್ಲ: ಇದರೊಳಗೆ ಇರುವುದು ಬೇರೆ ಎಲ್ಲಾದರೂ ಇನ್ನೊಂದು ಪ್ರತಿ ಇದೆಯಾ?

ಬ್ಯಾಡ್ ಸೆಕ್ಟರಿಗೆ ಇರುವ ಮದ್ದುಗಳಲ್ಲಿ ಎರಡು ಜಾತಿ. ಒಂದು ಡಿಸ್ಕನ್ನು ಉಳಿಸುತ್ತದೆ, ಇನ್ನೊಂದು ಡಿಸ್ಕಿನಲ್ಲಿರುವುದನ್ನು ಉಳಿಸುತ್ತದೆ. ಡಿಸ್ಕ್ ಉಳಿಸುವ ಮದ್ದುಗಳೆಲ್ಲ ಅದರ ಮೇಲೆ ಬರೆಯುತ್ತವೆ. ಫೈಲ್ ಉಳಿಸುವ ಮದ್ದು ಅದರ ಮೇಲೆ ಒಂದಕ್ಷರವನ್ನೂ ಬರೆಯಬಾರದು. ಎರಡೂ ಒಂದಕ್ಕೊಂದು ಎದುರು ದಿಕ್ಕಿನ ಕೆಲಸ. ಹಾಗಾಗಿ ಯಾವುದು ಒಳ್ಳೆಯದು ಎನ್ನುವುದಕ್ಕಿಂತ ಯಾವುದು ಮೊದಲು ಎನ್ನುವುದೇ ಇಲ್ಲಿ ಮುಖ್ಯ.

ಒಳಗೆ ಏನಾಗಿರುತ್ತದೆ

ಡಿಸ್ಕಿನಲ್ಲಿ ಎಲ್ಲವೂ ಸೆಕ್ಟರ್ ಎಂಬ ಸಣ್ಣ ಕಟ್ಟುಗಳಲ್ಲಿ ಕೂತಿರುತ್ತದೆ. ಹಳೆಯ ಡಿಸ್ಕುಗಳಲ್ಲಿ ಒಂದೊಂದು 512 ಬೈಟಿನದು, 2011ರ ಆಸುಪಾಸಿನಿಂದ ಬಂದವುಗಳಲ್ಲಿ ಹೆಚ್ಚಿನವು 4096 ಬೈಟಿನವು. ಪ್ರತಿ ಸೆಕ್ಟರಿನ ಜೊತೆ ತಪ್ಪು ತಿದ್ದುವ ಸಂಕೇತವೊಂದು ಇರುತ್ತದೆ. ಓದಿದ್ದು ಆ ಸಂಕೇತಕ್ಕೆ ತಾಳೆಯಾಗದೆ, ತಿದ್ದುವುದಕ್ಕೂ ಆಗದೆ ಹೋದಾಗ ಡಿಸ್ಕ್ ಕೈಚೆಲ್ಲುತ್ತದೆ. ಅದೇ ಬ್ಯಾಡ್ ಸೆಕ್ಟರ್.

ಇದಕ್ಕೆ ಎರಡು ಕಾರಣ. ಡಿಸ್ಕ್ ಬರೆಯುತ್ತಿದ್ದಾಗಲೇ ಕರೆಂಟ್ ಹೋದರೆ ಸೆಕ್ಟರ್ ಅರ್ಧಂಬರ್ಧ ಬರೆದುಕೊಂಡು, ಸಂಕೇತ ತಾಳೆಯಾಗದೆ ನಿಲ್ಲುತ್ತದೆ. ಮೇಲ್ಮೈಗೆ ಏನೂ ಆಗಿರುವುದಿಲ್ಲ, ಮತ್ತೊಮ್ಮೆ ಬರೆದರೆ ಸರಿಹೋಗುತ್ತದೆ. ಯುಪಿಎಸ್ ಇಲ್ಲದ ಡೊಂಬಿವಲಿ, ಕಲ್ಯಾಣದ ಮನೆಗಳಲ್ಲಿ ಮಳೆಗಾಲದಲ್ಲಿ ಇದು ಸಾಮಾನ್ಯ. ಎರಡನೆಯದು ನಿಜವಾದ ಗಾಯ. 7200 ಆರ್‌ಪಿಎಂ ಡಿಸ್ಕಿನ ತಟ್ಟೆ ಸೆಕೆಂಡಿಗೆ 120 ಸುತ್ತು ಹಾಕುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಬೆಳಗಿನ ಚರ್ಚ್‌ಗೇಟ್ ಫಾಸ್ಟ್ ಲೋಕಲ್ ರೈಲಿನಲ್ಲಿ ಲ್ಯಾಪ್‌ಟಾಪ್ ಆಫ್ ಆಗದೆ ಬ್ಯಾಗಿನೊಳಗೇ ಓಡುತ್ತಿತ್ತು, ದಾದರಿನಲ್ಲಿ ಜನರ ತಳ್ಳಾಟಕ್ಕೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಹೆಡ್ ತಟ್ಟೆಗೆ ತಾಗಲು ಅಷ್ಟು ಸಾಕು. ಅಲ್ಲಿ ಕೆದರಿದ ಧೂಳು ಒಳಗೇ ಸುತ್ತುತ್ತಾ ಇನ್ನಷ್ಟು ಗಾಯ ಮಾಡುತ್ತದೆ. ಇಂಥ ಡಿಸ್ಕಿನಲ್ಲಿ ಬ್ಯಾಡ್ ಸೆಕ್ಟರ್ ದಿನದಿನಕ್ಕೆ ಹೆಚ್ಚುತ್ತದೆ.

ಎಲ್ಲ ಡಿಸ್ಕುಗಳಲ್ಲೂ ಬದಲಿ ಸೆಕ್ಟರುಗಳು ಇರುತ್ತವೆ. ಫ್ಯಾಕ್ಟರಿಯಿಂದ ಬರುವಾಗಲೇ ಕೆಟ್ಟವುಗಳ ಪಟ್ಟಿಯೊಂದು ಒಳಗಿರುತ್ತದೆ, ಆಮೇಲೆ ಕೆಟ್ಟವುಗಳಿಗೆ ಇನ್ನೊಂದು. ಕೆಟ್ಟ ಸೆಕ್ಟರಿನ ಮೇಲೆ ಯಾವಾಗಲಾದರೂ ಬರೆಯಲು ಹೋದರೆ ಡಿಸ್ಕ್ ಅದನ್ನು ಪರೀಕ್ಷಿಸಿ, ಆಗದಿದ್ದರೆ ಬದಲಿ ಜಾಗಕ್ಕೆ ಕಳಿಸುತ್ತದೆ. ಗಮನಿಸಿ: ಬರೆಯಲು ಹೋದರೆ. ಬರೆದ ಮೇಲೆ ಅಲ್ಲಿ ಮೊದಲಿದ್ದದ್ದು ಹೋದ ಹಾಗೇ. ಇಡೀ ಲೆಕ್ಕಾಚಾರ ನಿಂತಿರುವುದು ಈ ಒಂದು ವಿಷಯದ ಮೇಲೆ.

ಮೊದಲು ನಾಲ್ಕು ಅಂಕಿ ನೋಡಿ

ಕ್ರಿಸ್ಟಲ್ ಡಿಸ್ಕ್ ಇನ್ಫೊ ಎಂಬ ಉಚಿತ ಪ್ರೋಗ್ರಾಂ ಹಾಕಿದರೆ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಂಡ ಸ್ಮಾರ್ಟ್ ಲೆಕ್ಕ ಕಾಣುತ್ತದೆ. ಲಿನಕ್ಸಿನವರಿಗೆ ಸ್ಮಾರ್ಟ್‌ಸಿಟಿಎಲ್ (smartctl) ಇದೆ. ಅದರಲ್ಲಿ 05 ಎಂಬ ಸಾಲು ಈಗಾಗಲೇ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳ ಎಣಿಕೆ. ಸಿ5 ಸಾಲು ಓದಲಾಗದೆ ತೀರ್ಪಿಗೆ ಕಾಯುತ್ತಿರುವವು. ಸಿ6 ಎಂದರೆ ಡಿಸ್ಕ್ ಬಿಡುವಿನಲ್ಲಿ ತಾನೇ ಪರೀಕ್ಷೆ ಮಾಡಿದಾಗಲೂ ಓದಲಾಗದವು. ಸಿ7 ಮಾತ್ರ ಬೇರೆ ಕಥೆ: ಅದು ಡಿಸ್ಕಿನದಲ್ಲ, ಕೇಬಲ್ಲಿನ ದೂರು.

ಆ ಪ್ರೋಗ್ರಾಮಿನಲ್ಲಿ ಒಂದು ತಮಾಷೆ ಇದೆ. ಕೊನೆಯ ಅಂಕಣದ ಸಂಖ್ಯೆಗಳನ್ನು ಅದು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. 10 ಎಂದು ಕಂಡರೆ ಅದು 16, 64 ಎಂದು ಕಂಡರೆ ಅದು 100. ಸೆಟ್ಟಿಂಗಿನಲ್ಲಿ ಹತ್ತರ ಎಣಿಕೆಗೆ ಬದಲಾಯಿಸಿಕೊಂಡು ಓದಿ.

ಸಿ7 ಒಂದೇ ಏರುತ್ತಿದ್ದು ಮಿಕ್ಕವೆಲ್ಲ ಸೊನ್ನೆ ಇದ್ದರೆ ಸಾಟಾ ಕೇಬಲ್ ಬದಲಿಸಿ, ಅಲ್ಲಿಗೆ ಮುಗಿಯಿತು. ಈ ಊರಿನ ಉಪ್ಪುಗಾಳಿಗೆ ಪಿನ್ನುಗಳು ಕಪ್ಪಾಗುವುದು ಹೊಸತೇನಲ್ಲ. ಎಣಿಕೆ ಸೊನ್ನೆಗೆ ಇಳಿಯುವುದಿಲ್ಲ, ಇದ್ದಲ್ಲೇ ನಿಂತರೆ ಸಾಕು. ಹೀಗೆ ಬರೀ ಕೇಬಲ್ ಕೆಟ್ಟ ಒಳ್ಳೆಯ ಡಿಸ್ಕುಗಳು ಎಷ್ಟು ಗುಜರಿಗೆ ಹೋಗುತ್ತವೋ ಏನೋ.

05 ಅಥವಾ ಸಿ5 ಏರಿದ್ದರೆ ಎಷ್ಟು ಹೆದರಬೇಕು? ಗೂಗಲ್‌ನವರು ತಮ್ಮ 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈಗಲೂ ಉಪಯೋಗಕ್ಕೆ ಬರುತ್ತದೆ. ಮೊದಲ ಸೆಕ್ಟರ್ ಬದಲಿಯಾದ ಡಿಸ್ಕು ಮುಂದಿನ 60 ದಿನಗಳಲ್ಲಿ ಸಾಯುವ ಸಾಧ್ಯತೆ, ಏನೂ ಆಗದ ಡಿಸ್ಕಿಗಿಂತ 14 ಪಟ್ಟು. ತೀರ್ಪಿಗೆ ಕಾಯುವ ಸೆಕ್ಟರ್ ಬಂದರೆ 16 ಪಟ್ಟು. ತಾನೇ ಸ್ಕ್ಯಾನ್ ಮಾಡುವಾಗ ತಪ್ಪು ಸಿಕ್ಕಿದ್ದರೆ 39 ಪಟ್ಟು. ಆದರೆ ಅದೇ ಅಧ್ಯಯನದಲ್ಲಿ ಮೊದಲ ಸೆಕ್ಟರ್ ಬದಲಿಯಾದ ಡಿಸ್ಕುಗಳಲ್ಲಿ ಸುಮಾರು 85% ಎಂಟು ತಿಂಗಳಾದರೂ ಬದುಕಿದ್ದವು. ಇನ್ನೊಂದು ಕಡೆ, ಸತ್ತ ಡಿಸ್ಕುಗಳಲ್ಲಿ 36%ಕ್ಕೂ ಹೆಚ್ಚಿನವು ಯಾವ ಎಚ್ಚರಿಕೆಯನ್ನೂ ಕೊಡದೆ ಹೋಗಿದ್ದವು. ಅಂದರೆ ಅಂಕಿ ಏರಿದ್ದರೆ ಇವತ್ತೇ ಪ್ರತಿ ಮಾಡಿಕೊಳ್ಳಿ, ಆದರೆ ಇವತ್ತೇ ಬಿಸಾಡಬೇಕಿಲ್ಲ. ಅಂಕಿ ಸೊನ್ನೆ ಇದ್ದರೂ ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ.

ಒಂದು ಸಲ ನೋಡಿದ ಅಂಕಿಗಿಂತ ಅದರ ಓಟ ಮುಖ್ಯ. ಬರೆದಿಟ್ಟು ವಾರದ ನಂತರ ಮತ್ತೆ ನೋಡಿ. 05ರಲ್ಲಿ 8 ಇದ್ದದ್ದು ಮುಂದಿನ ತಿಂಗಳೂ 8 ಆಗಿದ್ದರೆ ಅದು ಹಳೆಯ ಗಾಯ. 8 ಇದ್ದದ್ದು ವಾರದಲ್ಲಿ 120 ಆದರೆ ಮಾತು ಮುಗಿಯಿತು.

ಪ್ರತಿ ಇಲ್ಲದಿದ್ದರೆ: ಮಾಮೂಲಿ ಕಾಪಿಯೋ, ಡಿಡಿ-ರೆಸ್ಕ್ಯೂನೋ, ಲ್ಯಾಬೋ

ಮಾಟುಂಗದ ಕಡೆಯ ಹೋಟೆಲಿನವರೊಬ್ಬರು ಆಫೀಸಿನ ಕಂಪ್ಯೂಟರ್ ತೋರಿಸಿದ್ದರು. ಲೆಕ್ಕಪತ್ರದ ಟ್ಯಾಲಿ ಪ್ರೋಗ್ರಾಂ ತೆರೆಯಲು ಹತ್ತು ನಿಮಿಷ, ನಡುನಡುವೆ ಇಡೀ ಸ್ಕ್ರೀನ್ ಸ್ತಬ್ಧ.

"ಶೆಟ್ರೆ, ಇದ್ರಲ್ಲಿ ಇರೋದು ಬೇರೆ ಎಲ್ಲಾದ್ರೂ ಉಂಟಾ?"

"ಎಲ್ಲಿಂದ ಮಾರಾಯ್ರೆ, ಎಲ್ಲ ಇದ್ರಲ್ಲೇ. ಸಂಘದ ಯಕ್ಷಗಾನದ ರೆಕಾರ್ಡಿಂಗ್ ಸಮೇತ. ಕ್ಯಾಸೆಟ್ ಎಲ್ಲ ಕೊಟ್ಟಾಯ್ತು ರದ್ದಿಗೆ."

ಇಂಥ ಕಡೆ ಮೊದಲ ಕೆಲಸ ಕಂಪ್ಯೂಟರ್ ಆಫ್ ಮಾಡುವುದು. ಚೆಕ್‌ಡಿಸ್ಕ್ ಬೇಡ, ಡಿಫ್ರಾಗ್ ಬೇಡ, ಆಂಟಿವೈರಸ್ ಸ್ಕ್ಯಾನ್ ಬೇಡ, "ಒಮ್ಮೆ ನೋಡೋಣ" ಎಂದು ಮತ್ತೆ ಮತ್ತೆ ಆನ್ ಮಾಡುವುದೂ ಬೇಡ. ವಿಂಡೋಸ್ ಸುಮ್ಮನೆ ತೆರೆದಿದ್ದರೂ ಹಿನ್ನೆಲೆಯಲ್ಲಿ ಬರೆಯುತ್ತಲೇ ಇರುತ್ತದೆ.

ಮಾಮೂಲಿ ಕಾಪಿ-ಪೇಸ್ಟ್ ಯಾವಾಗ ಸಾಕು? ಸಿ5 ಬೆರಳೆಣಿಕೆಯಷ್ಟಿದ್ದು, ಬೇಕಾದ ಫೋಲ್ಡರ್ ಚಿಕ್ಕದಾಗಿದ್ದರೆ ಸಾಕು. ಡಿಸ್ಕನ್ನು ಕಳಚಿ ಬೇರೆ ಕಂಪ್ಯೂಟರಿಗೆ ಹಾಕಿ, ಅತಿ ಮುಖ್ಯವಾದ ಫೋಲ್ಡರಿನಿಂದ ಶುರುಮಾಡಿ. ಇಡೀ ಡಿ ಡ್ರೈವ್ ಎಳೆದು ಬಿಡಬೇಡಿ. ಕೆಟ್ಟ ಜಾಗ ಸಿಕ್ಕಾಗ ಡಿಸ್ಕ್ ಅದೊಂದನ್ನೇ ಹಿಡಿದು ಮತ್ತೆ ಮತ್ತೆ ಓದಲು ಹೊರಡುತ್ತದೆ, ವಿಂಡೋಸೂ ಅದನ್ನೇ ಕೇಳುತ್ತಿರುತ್ತದೆ. ಒಂದು ಹಾಳಾದ ಸಿನಿಮಾ ಫೈಲಿಗಾಗಿ ಗಂಟೆಗಟ್ಟಲೆ ಹೆಡ್ಡು ಅಲ್ಲೇ ಉಜ್ಜುತ್ತಾ, ಮುಂದಿನ ಸಾಲಿನಲ್ಲಿದ್ದ ಮದುವೆ ಫೋಟೊ ಸರದಿ ಬರುವ ಹೊತ್ತಿಗೆ ಡಿಸ್ಕೇ ಇರುವುದಿಲ್ಲ.

ಗಾಯ ಅದಕ್ಕಿಂತ ಹೆಚ್ಚಿದ್ದರೆ ನನ್ನ ಆಯ್ಕೆ ಡಿಡಿ-ರೆಸ್ಕ್ಯೂ (GNU ddrescue). ಇದು ಲಿನಕ್ಸಿನ ಉಚಿತ ಸಾಧನ. ಸಿಸ್ಟಮ್‌ರೆಸ್ಕ್ಯೂ ಎಂಬ ಲೈವ್ ಪೆನ್‌ಡ್ರೈವ್ (ಕಂಪ್ಯೂಟರನ್ನು ನೇರ ಅದರಿಂದಲೇ ಶುರುಮಾಡುವಂಥದ್ದು) ಮಾಡಿಕೊಂಡರೆ ಅದರಲ್ಲೇ ಸಿಗುತ್ತದೆ. ಫೈಲು, ಫೋಲ್ಡರು ಯಾವುದನ್ನೂ ಲೆಕ್ಕಿಸದೆ ಡಿಸ್ಕನ್ನು ಆದಿಯಿಂದ ಅಂತ್ಯದ ತನಕ ಇನ್ನೊಂದಕ್ಕೆ ನಕಲಿಸುತ್ತದೆ. ಅದರ ಜಾಣತನ ಇರುವುದು ಕ್ರಮದಲ್ಲಿ: ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲಾಗುವುದನ್ನೆಲ್ಲ ಬಾಚಿಕೊಳ್ಳುತ್ತದೆ, ತಡೆ ಸಿಕ್ಕಲ್ಲಿ ಹಟ ಹಿಡಿಯದೆ ಮುಂದಕ್ಕೆ ಹಾರುತ್ತದೆ. ಬಿಟ್ಟ ಜಾಗಗಳನ್ನು ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಟ್ಟುಕೊಂಡು ಆಮೇಲೆ ಅಂಚಿನಿಂದ ಕೆರೆದು ತೆಗೆಯುತ್ತದೆ. ನಡುವೆ ಕರೆಂಟ್ ಹೋದರೂ ಆ ಮ್ಯಾಪ್ ಫೈಲ್ ಇದ್ದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಯಬಹುದು. ಹಾಗಾಗಿ ಮ್ಯಾಪ್ ಫೈಲಿಲ್ಲದೆ ಇದನ್ನು ಓಡಿಸಲೇಬೇಡಿ. ಅದನ್ನು ಲೈವ್ ಪೆನ್‌ಡ್ರೈವಿನ ತಾತ್ಕಾಲಿಕ ಜಾಗದಲ್ಲಿ ಇಡದೆ ಬೇರೊಂದು ಪೆನ್‌ಡ್ರೈವಿನಲ್ಲಿ ಇಡಿ.

ಅಪಾಯ ಇರುವುದು ಒಂದೇ ಕಡೆ. ಯಾವುದು ಮೂಲ, ಯಾವುದು ಗುರಿ ಎಂದು ನೀವೇ ಹೇಳಬೇಕು. ಉಲ್ಟಾ ಹೇಳಿದರೆ ಹೊಸ ಡಿಸ್ಕಿನ ಖಾಲಿತನ ಹಳೆಯದರ ಮೇಲೆ ನಕಲಾಗುತ್ತದೆ. ಎಂಟರ್ ಒತ್ತುವ ಮೊದಲು ಎರಡರ ಸೀರಿಯಲ್ ನಂಬರನ್ನೂ ಡಿಸ್ಕಿನ ಚೀಟಿಗೆ ಹಿಡಿದು ತಾಳೆ ನೋಡಿ. ಗುರಿಯ ಡಿಸ್ಕು ಮೂಲದಷ್ಟೇ ದೊಡ್ಡದು ಅಥವಾ ಅದಕ್ಕಿಂತ ದೊಡ್ಡದಿರಬೇಕು. ಸೆಕೆಂಡಿಗೆ 100 ಎಂಬಿ ಓಡಿದರೆ 1 ಟಿಬಿಗೆ ಸುಮಾರು 3 ಗಂಟೆ. ಗಾಯಗೊಂಡ ಡಿಸ್ಕಿನಲ್ಲಿ ಮೊದಲ ಸುತ್ತು ಅಷ್ಟರಲ್ಲಿ ಮುಗಿದರೂ ಕೊನೆಯ ಕೆರೆತಕ್ಕೆ ದಿನಗಟ್ಟಲೆ ಹಿಡಿಯಬಹುದು. ಪಕ್ಕದಲ್ಲೊಂದು ಫ್ಯಾನ್ ಇಡಿ.

ಕೆಲವು ಸೆಕ್ಟರು ಏನು ಮಾಡಿದರೂ ಬರುವುದಿಲ್ಲ. ಅದರಿಂದ ಆಗುವ ನಷ್ಟ ಫೈಲಿನ ಜಾತಿಯ ಮೇಲೆ ನಿಂತಿದೆ. ಶೆಟ್ಟರ ಯಕ್ಷಗಾನ ಮಿನಿ ಡಿವಿ ಕ್ಯಾಸೆಟ್ಟಿನಿಂದ ಇಳಿಸಿದ್ದು, ಗಂಟೆಗೆ ಸುಮಾರು 13 ಜಿಬಿ. ಆ ಮಾದರಿಯಲ್ಲಿ ಸೆಕೆಂಡಿಗೆ 25 ಚಿತ್ರ, ಒಂದೊಂದೂ 1,44,000 ಬೈಟಿನದು, ಒಂದು ಇನ್ನೊಂದನ್ನು ನೆಚ್ಚಿಕೊಂಡಿಲ್ಲ. ಅಂದರೆ 4096 ಬೈಟಿನ ಒಂದು ಸೆಕ್ಟರ್ ಹೋದರೆ ಭಾಗವತರ ಮುಂಡಾಸಿನ ಮೇಲೆ ಸೆಕೆಂಡಿನ 25ನೇ ಒಂದು ಭಾಗದ ಕಾಲ ಒಂದು ಚೌಕಳಿ ಮಿಂಚಿ ಮಾಯ. ಯಾರಿಗೂ ಗೊತ್ತಾಗುವುದಿಲ್ಲ. ಅದೇ ಮೊಬೈಲಿನ ಎಂಪಿ4 ಆಗಿದ್ದು, ಕೆಟ್ಟ ಸೆಕ್ಟರು ಅದರ ಸೂಚಿಯಿರುವ ಜಾಗಕ್ಕೇ ಬಿದ್ದರೆ ಇಡೀ ಫೈಲ್ ತೆರೆಯುವುದೇ ಇಲ್ಲ. ಜೆಪೆಗ್ ಫೋಟೊ ಗಾಯದಿಂದ ಕೆಳಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಹೊಸ ವರ್ಡ್ ಫೈಲು ಒಳಗೊಳಗೇ ಜಿಪ್ ಆಗಿರುವುದರಿಂದ ಒಂದು ಸೆಕ್ಟರಿಗೇ ತೆರೆಯಲು ಹಟ ಮಾಡುತ್ತದೆ. ಟ್ಯಾಲಿಯ ಡೇಟಾ ಮೇಲೆ ಗಾಯವಾಗಿದ್ದರೆ ಹಳೆಯ ಬ್ಯಾಕಪ್ಪೇ ಗತಿ.

ನಮ್ಮವರಿಗೆ ಇನ್ನೊಂದು ಗೊಂದಲ ಆಗುತ್ತದೆ. ಸಂಘದ ಸ್ಮರಣಸಂಚಿಕೆಗಳು, ಹಳೆಯ ಆಮಂತ್ರಣಗಳು ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಆದವು. ಉಳಿಸಿಕೊಂಡ ಫೈಲನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆಗಳ ರಾಶಿ ಕಾಣುತ್ತದೆ. "ಡೇಟಾ ಕೆಟ್ಟೇ ಹೋಗಿದೆ" ಎಂದು ಅಳಿಸಿಬಿಡಬೇಡಿ. ಫೈಲು ಗಟ್ಟಿಯಾಗಿದೆ, ಆ ಫಾಂಟ್ ಮಾತ್ರ ಇಲ್ಲ. ಹಳೆಯ ಫಾಂಟ್ ಹಾಕಿ ಅಥವಾ ಯೂನಿಕೋಡ್ ಪರಿವರ್ತಕಕ್ಕೆ ಕೊಟ್ಟು ನೋಡಿ. ನಿಜವಾಗಿ ಕೆಟ್ಟ ಫೈಲಿನಲ್ಲಿ ಅಕ್ಷರರಾಶಿ ಆದಿಯಿಂದ ಅಂತ್ಯದವರೆಗೆ ಒಂದೇ ಥರ ಇರುವುದಿಲ್ಲ, ನಡುವೆಲ್ಲೋ ತುಂಡಾಗುತ್ತದೆ.

ಲ್ಯಾಬು ಯಾವಾಗ? ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ತಿರುಗಿ ನಿಲ್ಲುತ್ತಿದ್ದರೆ, ವಿಂಡೋಸಿಗೂ ಮೊದಲು ಬರುವ ಬಯಾಸ್ ಪರದೆಯಲ್ಲೇ ಕಾಣದಿದ್ದರೆ, ನೆಲಕ್ಕೆ ಬಿದ್ದಿದ್ದರೆ, ನೀರು ಕುಡಿದಿದ್ದರೆ. ಅಂಥದ್ದಕ್ಕೆ ಕರೆಂಟು ಕೊಡುವುದೇ ತಪ್ಪು, ಡಿಡಿ-ರೆಸ್ಕ್ಯೂ ಕೂಡ ಬೇಡ. ನೆಂದ ಡಿಸ್ಕನ್ನು ಒಣಗಿಸಲು ಬಿಸಿಲಿಗೂ ಇಡಬೇಡಿ, ಹೇರ್ ಡ್ರೈಯರನ್ನೂ ಹಿಡಿಯಬೇಡಿ. ಹೆಡ್ ಬದಲಿಸುವ ಕೆಲಸ ಧೂಳಿಲ್ಲದ ಕ್ಲೀನ್ ರೂಮಿನಲ್ಲಿ, ಅದೇ ಮಾದರಿಯ ದಾನಿ ಡಿಸ್ಕಿನ ಭಾಗ ಹಾಕಿ ಆಗಬೇಕು. ಕೌಂಟರಿನ ಮೇಲೇ ಸ್ಕ್ರೂಡ್ರೈವರ್ ಹಿಡಿದು ಮುಚ್ಚಳ ತೆಗೆಯಲು ಹೊರಟವನ ಕೈಯಿಂದ ಡಿಸ್ಕನ್ನು ಕಿತ್ತುಕೊಂಡು ಬನ್ನಿ.

ಲ್ಯಾಬಿನ ಖರ್ಚು ಹೊಸ ಡಿಸ್ಕಿನ ಬೆಲೆಯ ಹಲವು ಪಟ್ಟು ಆಗುತ್ತದೆ. ಒಪ್ಪುವ ಮೊದಲು ಮೂರು ಮಾತು ಬರಹದಲ್ಲಿ ಕೇಳಿ: ತಪಾಸಣೆಗೆ ಎಷ್ಟು, ಸಿಗದಿದ್ದರೆ ಎಷ್ಟು, ಹಣ ಕಟ್ಟುವ ಮೊದಲು ಸಿಕ್ಕ ಫೈಲುಗಳ ಪಟ್ಟಿ ತೋರಿಸುತ್ತಾರಾ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಹಾಕಿದ್ದರೆ ಅದರ ರಿಕವರಿ ಕೀ ನಿಮ್ಮ ಬಳಿ ಇರಬೇಕು. ಅದಿಲ್ಲದಿದ್ದರೆ ಲ್ಯಾಬಿನವರು ಎಲ್ಲ ಸೆಕ್ಟರ್ ತೆಗೆದುಕೊಟ್ಟರೂ ಪ್ರಯೋಜನವಿಲ್ಲ. ಕೆಲವು ಪೋರ್ಟಬಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಪಿನ್ನು ನೇರ ಬೋರ್ಡಿಗೇ ಬೆಸೆದಿರುತ್ತದೆ, ಕೆಲವು ತಾವಾಗಿಯೇ ಎನ್‌ಕ್ರಿಪ್ಟ್ ಮಾಡುತ್ತವೆ. ಅವುಗಳ ಬೋರ್ಡನ್ನು ಕಳಚಿ ಎಸೆಯಬೇಡಿ, ಹಾಗೇ ಒಯ್ಯಿರಿ.

ಫ್ರೀಜರಿನಲ್ಲಿಟ್ಟರೆ ಡಿಸ್ಕ್ ಜೀವ ಪಡೆಯುತ್ತದೆ ಎಂಬ ಮಾತನ್ನು ಇನ್ನೂ ಕೆಲವರು ಹೇಳುತ್ತಾರೆ. ಜುಲೈ ತಿಂಗಳ ಮುಂಬಯಿಯಲ್ಲಿ ಫ್ರಿಜ್ಜಿನಿಂದ ತೆಗೆದ ಬಾಟಲಿಗೆ ಏನಾಗುತ್ತದೆ ಎಂದು ನೋಡಿದ್ದೀರಲ್ಲ. ಅದೇ ನೀರು ಡಿಸ್ಕಿನ ತಟ್ಟೆಯ ಮೇಲೂ ಕೂರುತ್ತದೆ.

ಪ್ರತಿ ಇದ್ದರೆ: ಚೆಕ್‌ಡಿಸ್ಕೋ, ಫುಲ್ ಫಾರ್ಮ್ಯಾಟೋ, ಕಂಪನಿ ಟೂಲೋ

ಇಲ್ಲಿಂದ ಮುಂದೆ ಡಿಸ್ಕಿನ ಜೀವದ ಪ್ರಶ್ನೆ ಮಾತ್ರ. ಒಳಗಿರುವುದು ಹೋದರೂ ಪರವಾಗಿಲ್ಲ.

ಎಲ್ಲರಿಗೂ ಗೊತ್ತಿರುವುದು ವಿಂಡೋಸಿನ ಕಮಾಂಡ್ ಚೆಕ್‌ಡಿಸ್ಕ್, ಸ್ಲ್ಯಾಶ್ ಆರ್ (chkdsk /r). ನನಗೆ ಅದರ ಮೇಲೆ ಅಷ್ಟೊಂದು ಪ್ರೀತಿ ಇಲ್ಲ. ಅದು ನಿಜಕ್ಕೂ ಫೈಲ್ ವ್ಯವಸ್ಥೆಯ ರಿಪೇರಿಗೆ ಇರುವುದು. ಓದಲಾಗದ ಜಾಗಕ್ಕೆ "ಇಲ್ಲಿ ಬರೆಯಬೇಡಿ" ಎಂದು ಫೈಲ್ ವ್ಯವಸ್ಥೆಯಲ್ಲಿ ಗುರುತು ಹಾಕುತ್ತದೆ, ಡಿಸ್ಕಿನ ಸ್ವಂತ ಪಟ್ಟಿಯಲ್ಲಿ ಬದಲಿ ಮಾಡಿಸುವುದು ಅದರ ಕೆಲಸವಲ್ಲ. ತುಂಡಾದ ಫೈಲುಗಳನ್ನು ಫೌಂಡ್ ಎಂಬ ಫೋಲ್ಡರಿಗೆ ಹೆಸರಿಲ್ಲದ ಚೂರುಗಳಾಗಿ ತುಂಬುತ್ತದೆ, ಪ್ರತಿ ಮಾಡಿಕೊಳ್ಳದೆ ಓಡಿಸಬೇಡಿ ಎನ್ನುವುದು ಅದಕ್ಕೇ. ಸಿ5 ಸೊನ್ನೆ ಇದ್ದು, ಕರೆಂಟ್ ಹೋದ ಮೇಲೆ ವಿಂಡೋಸ್ ಮುನಿಸಿಕೊಂಡಿದ್ದರೆ ಸ್ಲ್ಯಾಶ್ ಎಫ್ ಸಾಕು. ಸ್ಲ್ಯಾಶ್ ಆರ್ ಇಡೀ ಡಿಸ್ಕನ್ನು ಓದುತ್ತದೆ, ದೊಡ್ಡ ಡಿಸ್ಕಿಗೆ ರಾತ್ರಿಯೆಲ್ಲ ಬೇಕು.

ಇದರಿಂದಲೇ ಹುಟ್ಟುವ ಇನ್ನೊಂದು ಗೋಜಲಿದೆ. ಹಳೆಯ ಡಿಸ್ಕನ್ನು ಕ್ಲೋನ್ ಮಾಡಿ ಹೊಸದಕ್ಕೆ ಹಾಕಿದವರು "ಹೊಸ ಡಿಸ್ಕಿನಲ್ಲೂ ಬ್ಯಾಡ್ ಸೆಕ್ಟರ್ ತೋರಿಸ್ತಿದೆ" ಎಂದು ಅಂಗಡಿಯವನೊಡನೆ ಜಗಳಕ್ಕೆ ನಿಲ್ಲುತ್ತಾರೆ. ಹೊಸ ಡಿಸ್ಕಿಗೆ ಏನೂ ಆಗಿಲ್ಲ, ಚೆಕ್‌ಡಿಸ್ಕ್ ಹಾಕಿದ್ದ ಗುರುತು ನಕಲಿನ ಜೊತೆ ಬಂದಿದೆ. ಸ್ಮಾರ್ಟ್ ಅಂಕಿ ಸೊನ್ನೆ ಇರುವುದನ್ನು ಖಚಿತಪಡಿಸಿಕೊಂಡು ಸ್ಲ್ಯಾಶ್ ಬಿ ಓಡಿಸಿದರೆ ಆ ಗುರುತುಗಳನ್ನು ಮರುಪರೀಕ್ಷೆ ಮಾಡಿ ತೆಗೆಯುತ್ತದೆ.

ನಾನು ಹೇಳುವುದು ಫುಲ್ ಫಾರ್ಮ್ಯಾಟ್ ಅಥವಾ ಕಂಪನಿಯ ಟೂಲಿನಿಂದ ಸೊನ್ನೆ ತುಂಬುವುದು. ವಿಸ್ತಾದಿಂದ ಈಚೆಗೆ ವಿಂಡೋಸಿನ ಫುಲ್ ಫಾರ್ಮ್ಯಾಟ್ ಇಡೀ ಭಾಗಕ್ಕೆ ಸೊನ್ನೆ ಬರೆಯುತ್ತದೆ, ಕ್ವಿಕ್ ಫಾರ್ಮ್ಯಾಟಿನಿಂದ ಈ ವಿಷಯದಲ್ಲಿ ಏನೂ ಆಗುವುದಿಲ್ಲ. ಬರೆದಾಗ ಕರೆಂಟ್ ಹೋಗಿ ಕೆಟ್ಟಿದ್ದ ಸೆಕ್ಟರ್ ಸರಿಯಾಗುತ್ತದೆ, ನಿಜವಾದ ಗಾಯ ಬದಲಿ ಜಾಗಕ್ಕೆ ಹೋಗುತ್ತದೆ. ಸೀಗೇಟಿನ ಸೀಟೂಲ್ಸ್ ಇಡೀ ಡಿಸ್ಕಿಗೆ ಇದನ್ನೇ ಮಾಡುತ್ತದೆ, ಜೊತೆಗೆ ದೀರ್ಘ ಪರೀಕ್ಷೆಯನ್ನೂ ಮಾಡುತ್ತದೆ. ಅಂಗಡಿಯವ ಹೇಳುವ "ಲೋ ಲೆವೆಲ್" ಕೂಡ ಇದೇ. ಹಳೆಯ ಕಾಲದ ನಿಜವಾದ ಲೋ ಲೆವೆಲ್ ಫಾರ್ಮ್ಯಾಟ್ ಈಗಿನ ಡಿಸ್ಕಿಗೆ ಮನೆಯಲ್ಲೂ ಆಗದು, ಅಂಗಡಿಯಲ್ಲೂ ಆಗದು, ಫ್ಯಾಕ್ಟರಿಯಲ್ಲೇ ಆಗಬೇಕು. ಸೊನ್ನೆ ತುಂಬಲು ಅವನಿಗೆ ದುಡ್ಡು ಕೊಡಬೇಕಾಗಿಲ್ಲ, ರಾತ್ರಿ ಮಲಗುವಾಗ ಶುರುಮಾಡಿದರೆ ತಾನೇ ಮುಗಿಯುತ್ತದೆ.

ಬೆಳಿಗ್ಗೆ ಎದ್ದು ಸಿ5 ನೋಡಿ. ಸೊನ್ನೆಯಾಗಿದ್ದು 05 ಏರದಿದ್ದರೆ ಒಳ್ಳೆಯ ಸುದ್ದಿ, ಅದು ಕರೆಂಟಿನ ಕಿತಾಪತಿ. ಡಿಸ್ಕನ್ನು ಬಳಸಬಹುದು. ಸಿ5 ಸೊನ್ನೆಯಾಗಿ 05 ಸ್ವಲ್ಪ ಏರಿದ್ದರೆ ತಿಂಗಳು ಗಮನಿಸಿ, ಕಳೆದುಹೋದರೂ ಬೇಸರವಿಲ್ಲದ ಸಿನಿಮಾ, ಹಾಡುಗಳಿಗೆ ಇಟ್ಟುಕೊಳ್ಳಿ. ಸೊನ್ನೆ ತುಂಬಿದ ಮೇಲೂ ಸಿ5 ಉಳಿದಿದ್ದರೆ, ಅಥವಾ ಎರಡೇ ದಿನದಲ್ಲಿ ಮತ್ತೆ ಬಂದರೆ ಇನ್ನು ಅದರ ಹಿಂದೆ ಬೀಳಬೇಡಿ.

ಕಾಂತಶಕ್ತಿಯನ್ನೇ ಮರಳಿಸುತ್ತೇವೆ ಎಂದು ದುಡ್ಡು ಕೇಳುವ ರೀಜನರೇಟರ್ ಥರದ ಸಾಫ್ಟ್‌ವೇರುಗಳಿಗೆ ಖರ್ಚು ಮಾಡಬೇಡಿ. ಕಿತ್ತುಹೋದ ಲೇಪನವನ್ನು ಸಾಫ್ಟ್‌ವೇರ್ ಮತ್ತೆ ಹಚ್ಚಲಾರದು. ಅವುಗಳಿಂದ ಸರಿಯಾಗುವಂಥದ್ದು ಉಚಿತವಾಗಿ ಸೊನ್ನೆ ತುಂಬಿದರೂ ಸರಿಯಾಗುತ್ತದೆ. ಕೆಟ್ಟ ಭಾಗವನ್ನು ಬಿಟ್ಟು ಪಾರ್ಟಿಷನ್ ಮಾಡುವ ಉಪಾಯವೂ ಇದೆ. ಗಾಯ ಒಂದೇ ಕಡೆ ಇದ್ದು ಬೆಳೆಯದಿದ್ದರೆ ನಡೆಯುತ್ತದೆ. ಬೆಳೆಯುವ ಗಾಯಕ್ಕೆ ಪಾರ್ಟಿಷನ್ನಿನ ಗೆರೆ ಕಾಣುವುದಿಲ್ಲ.

ವಾರಂಟಿ ಇದ್ದರೆ

ಡಿಸ್ಕಿನ ಮೇಲಿನ ಸೀರಿಯಲ್ ನಂಬರನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿದರೆ ವಾರಂಟಿ ಎಲ್ಲಿಯವರೆಗೆ ಎಂದು ತಿಳಿಯುತ್ತದೆ. ಬೇರೆ ದೇಶಕ್ಕೆಂದು ಬಂದ ಮಾಲು ಅಥವಾ ಕಂಪ್ಯೂಟರ್ ಕಂಪನಿಗೆಂದು ಹೋದ ಡಿಸ್ಕು ಅಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಅಂಗಡಿಯವನ ಬಿಲ್ಲೇ ಆಧಾರ. ಬದಲಿಗೆ ಸಿಗುವುದು ಸಾಮಾನ್ಯವಾಗಿ ರಿಪೇರಿಯಾಗಿ ಬಂದ ಡಿಸ್ಕು, ಹೊಸದಲ್ಲ. ನಿಮ್ಮ ಡೇಟಾ ಮರಳಿ ಬರುವುದಿಲ್ಲ, ಮುಚ್ಚಳ ತೆಗೆದಿದ್ದರೆ ವಾರಂಟಿಯೂ ಇಲ್ಲ. ಫೈಲು ಬೇಕಿದ್ದರೆ ಮೊದಲು ನಕಲು, ಆಮೇಲೆ ಸೊನ್ನೆ ತುಂಬಿ, ಆಮೇಲೆ ಕಂಪನಿಗೆ. ಹೋಟೆಲಿನ ಕೆಲಸದವರ ಆಧಾರ್ ಪ್ರತಿಗಳು, ಬ್ಯಾಂಕ್ ಹಾಳೆಗಳು ಇರುವ ಡಿಸ್ಕನ್ನು ಹಾಗೇ ಕೊಡುವುದಾದರೆ ಬದಲಿ ಡಿಸ್ಕನ್ನೇ ಬಿಟ್ಟುಬಿಡುವುದು ಮೇಲು.

ಸಿಸಿಟಿವಿ ಡಿವಿಆರ್‌ನ ಡಿಸ್ಕಿಗೆ ಇದ್ಯಾವುದೂ ಬೇಡ. ಅದು ಹಗಲೂ ರಾತ್ರಿ ಬರೆಯುವಂಥದ್ದು, ಒಮ್ಮೆ ರೆಕಾರ್ಡಿಂಗಿನಲ್ಲಿ ಬಿಟ್ಟುಬಿಟ್ಟು ಕಾಣತೊಡಗಿದರೆ ಬದಲಿಸಿ. ಅದಕ್ಕೆಂದೇ ಇರುವ ಸರ್ವೇಲೆನ್ಸ್ ಡಿಸ್ಕನ್ನೇ ಹಾಕಿ. ಗಲಾಟೆಯಾದ ದಿನ ಪೊಲೀಸರು ಬಂದು ಕೇಳುವುದು ಸರಿಯಾಗಿ ಆ ಹತ್ತು ನಿಮಿಷವನ್ನೇ.

ಹೊಸದು ತರುವುದಾದರೆ

ವಿಂಡೋಸ್ ಮತ್ತು ದಿನದ ಕೆಲಸಕ್ಕೆ ಎಸ್‌ಎಸ್‌ಡಿ, ಇದರಲ್ಲಿ ಎರಡು ಮಾತಿಲ್ಲ. ತಿರುಗುವ ಭಾಗವಿಲ್ಲ, ಲೋಕಲ್ಲಿನ ತಳ್ಳಾಟಕ್ಕೆ ಅಂಜುವುದಿಲ್ಲ. ಆದರೆ ಹಾರ್ಡ್‌ಡಿಸ್ಕಿನ ಹಾಗೆ ಗೊಣಗುತ್ತಾ ಎಚ್ಚರಿಸುವ ಗುಣ ಇದಕ್ಕೆ ಕಡಿಮೆ, ಎಷ್ಟೋ ಸಲ ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಕಾಣುವುದೇ ಇಲ್ಲ. ಅಳಿಸಿದ ಫೈಲನ್ನು ಮರಳಿ ತೆಗೆಯುವುದೂ ಇದರಲ್ಲಿ ಕಷ್ಟ. ಅಲ್ಮೇರಾದಲ್ಲಿ ವರ್ಷಗಟ್ಟಲೆ ಇಡುವುದಕ್ಕಂತೂ ಎಸ್‌ಎಸ್‌ಡಿ ಬೇಡ. ಬರೆಯುವ ಆಯುಸ್ಸು ಮುಗಿಸಿದ ಮಾಮೂಲಿ ಎಸ್‌ಎಸ್‌ಡಿ ಕರೆಂಟಿಲ್ಲದೆ 30 ಡಿಗ್ರಿ ಶಾಖದಲ್ಲಿ 1 ವರ್ಷ ಡೇಟಾ ಹಿಡಿದಿಟ್ಟುಕೊಂಡರೆ ಸಾಕು ಎಂಬುದೇ ಜೆಡೆಕ್ ಎಂಬ ಉದ್ಯಮ ಸಂಸ್ಥೆಯ ಮಾನದಂಡ. ಮುಂಬಯಿಯ ಮೇ ತಿಂಗಳಲ್ಲಿ ಮುಚ್ಚಿದ ಕಪಾಟಿನ ಶಾಖ ಅದಕ್ಕಿಂತ ಹೆಚ್ಚೇ.

ಯಕ್ಷಗಾನದ ರೆಕಾರ್ಡಿಂಗ್, ಮದುವೆ ವಿಡಿಯೊ, ಸ್ಕ್ಯಾನ್ ಮಾಡಿದ ಹಳೆಯ ಪತ್ರಿಕೆಗಳಂಥ ಇಟ್ಟಿಡುವ ಮಾಲಿಗೆ ಹಾರ್ಡ್‌ಡಿಸ್ಕೇ ಸರಿ, ಅದೂ ಎರಡು. ಒಂದು ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ಊರಿಗೆ ಹೋಗುವವರಿಗೆ ಇದು ಕಷ್ಟವೇನಲ್ಲ. 2005ರ ಜುಲೈ 26ರ ಮಳೆಯಲ್ಲಿ ನೆಲಮಹಡಿಯಲ್ಲಿದ್ದದ್ದೆಲ್ಲ ಏನಾಯಿತೆಂದು ಇಲ್ಲಿಯವರಿಗೆ ಮತ್ತೆ ಹೇಳಬೇಕಿಲ್ಲ. ಎಸ್‌ಎಂಆರ್ ಮಾದರಿಯ (ಬರಹದ ಸಾಲುಗಳನ್ನು ಹೆಂಚಿನಂತೆ ಒಂದರ ಮೇಲೊಂದು ಒತ್ತಿ ಕೂರಿಸಿದ) ಡಿಸ್ಕುಗಳು ಇಟ್ಟಿಡುವುದಕ್ಕೆ ಅಡ್ಡಿಯಿಲ್ಲ, ದಿನವೂ ಅಳಿಸಿ ಬರೆಯುವ ಕೆಲಸಕ್ಕೆ ಮಾತ್ರ ನಿಧಾನ.

ತಂದ ಡಿಸ್ಕಿಗೆ ಕೂಡಲೇ ಫೈಲು ತುಂಬಬೇಡಿ. ಮೊದಲು ಸ್ಮಾರ್ಟ್ ಲೆಕ್ಕದ 09ನೇ ಸಾಲು, ಅಂದರೆ ಎಷ್ಟು ಗಂಟೆ ಓಡಿದೆ ಎಂಬುದನ್ನು ನೋಡಿ. ಹೊಸದರಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಆ ಲೆಕ್ಕವನ್ನೇ ಅಳಿಸಿ ಹಳೆಯದನ್ನು ಹೊಸದೆಂದು ಮಾರುವುದೂ ಉಂಟು, ಹಾಗಾಗಿ ಪಿನ್ನಿನ ಮೇಲಿನ ಗೀರು, ಸ್ಕ್ರೂ ತೂತಿನ ಸವೆತವನ್ನೂ ನೋಡಿ. ಆಮೇಲೆ ಇಡೀ ರಾತ್ರಿಯ ದೀರ್ಘ ಪರೀಕ್ಷೆ, ಅದರ ಮೇಲೆ ಒಂದು ಫುಲ್ ಫಾರ್ಮ್ಯಾಟ್. 05, ಸಿ5, ಸಿ6 ಮೂರರಲ್ಲಿ ಯಾವುದಾದರೂ ಸೊನ್ನೆ ಬಿಟ್ಟು ಕದಲಿದ್ದರೆ ಮಾರನೆಯ ದಿನವೇ ಬಿಲ್ಲು ಹಿಡಿದು ಅಂಗಡಿಗೆ ಹೋಗಿ. ವಾಪಸು ತಗೊಳ್ಳುವ ಗಡುವು ಮುಗಿದ ಮೇಲೆ ಅದೇ ದೂರು ಕಂಪನಿಯ ವಾರಂಟಿ ಸಾಲಿಗೆ ಹೋಗುತ್ತದೆ, ಕೈಗೆ ಬರುವುದು ರಿಪೇರಿ ಮಾಡಿದ ಡಿಸ್ಕು.